ಜಾರುವ ಪ್ಲೇಟು

ಮೇಸ್ತ್ರಿ ದಸ್ತಗೀರರು ಮುದಿ ಕಾರೊಂದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಿತ್ತು ಮ್ಯಾನುಯಲ್ ಕೂರಿಸಿದರು. ಇನ್ನು ಎಂಜಿನ್ನಿನ ಓಟವನ್ನು ಗೇರಿಗೆ ದಾಟಿಸುವ ಕ್ಲಚ್ ಪ್ಲೇಟೊಂದು ಬೇಕಿತ್ತು. ಗ್ಯಾರೇಜಿನಲ್ಲಿ ಎರಡಿದ್ದವು.

"ನನ್ನದು ಉಡದ ಪಟ್ಟು. ಎಳ್ಳಷ್ಟೂ ಜಾರುವುದಿಲ್ಲ," ಎಂದಿತು ರೇಸ್ ಕಾರಿನ ತಾಮ್ರದ ಪ್ಲೇಟು.

"ನಾನು ತುಸು ಜಾರಿಯೇ ಹಿಡಿಯುವುದು," ಎಂದಿತು ಸಾದಾ ಪ್ಲೇಟು.

ಜಾರಿಕೊಳ್ಳುವವರನ್ನು ನಂಬುವುದುಂಟೇ ಎಂದುಕೊಂಡ ಕಾರು ತಾಮ್ರದ್ದನ್ನೇ ಹಾಕಿಸಿಕೊಂಡಿತು. ಮೊದಲ ದಿಬ್ಬದಲ್ಲಿ ಮೇಸ್ತ್ರಿ ಕ್ಲಚ್ ಬಿಟ್ಟರು. ಪ್ಲೇಟು ಗಪ್ಪನೆ ಹಿಡಿಯಿತು. ಕಾರು ಟಗರಿನಂತೆ ನುಗ್ಗಿತು. ಹಳೆಯ ಆಕ್ಸಲ್ ಲಟಕ್ಕನೆ ಮುರಿಯಿತು.

"ನಾನಂತೂ ಜಾರಲಿಲ್ಲ!" ಎಂದು ತಾಮ್ರ ಬೀಗಿತು.

ಮೇಸ್ತ್ರಿ ಆಕ್ಸಲ್ ಬದಲಿಸಿ ಸಾದಾ ಪ್ಲೇಟು ಕೂರಿಸಿದರು. ಅದೇ ದಿಬ್ಬವನ್ನು ನಯವಾಗಿ ಹತ್ತಿದ ಕಾರು ನಾಚುತ್ತ ಕೇಳಿತು: "ಹೀಗೆ ಜಾರಿದರೆ ನೀನು ಸವೆಯುವುದಿಲ್ಲವೇ?"

"ಸವೆಯುತ್ತೇನೆ. ಓಡುವ ಎಂಜಿನ್ನನ್ನೂ ನಿಂತ ಗಾಲಿಯನ್ನೂ ಕೂಡಿಸಲು ನಡುವೆ ಒಬ್ಬರಾದರೂ ಸವೆಯಬೇಡವೇ?"