ಬಾನಿಯ ನೀಲಿ

“ಗುರುಗಳೇ, ಒಂದು ಒಳ್ಳೆಯ ಪದದಿಂದ ಯಾರಿಗಾದರೂ ಕೇಡಾದೀತೇ?” ಎಂದು ಮುರಿಗೆಯ್ಯ ಕೇಳಿದ.

ಮಠಕ್ಕೆ ಬರುವ ಮುಂಚೆ ಅವನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಆ ಭಾಷೆಯಲ್ಲಿ ‘ಯೆಟ್’ ಎಂಬ ಪುಟ್ಟ ಪದವೊಂದಿದೆ, ಅದರ ಮೇಲೆ ಅವನಿಗೆ ಇನ್ನಿಲ್ಲದ ಮೋಹ. ಒಂದು ಕಡೆ ಅದು ನಮ್ಮ ‘ಆದರೂ’, ಇನ್ನೊಂದು ಕಡೆ ನಮ್ಮ ‘ಇನ್ನೂ’. ‘ಇಲ್ಲ’ ಎಂದರೆ ಮುಗಿಯಿತು, ‘ಇನ್ನೂ ಇಲ್ಲ’ ಎಂದರೆ ಬಾಗಿಲು ಅರ್ಧ ತೆರೆದೇ ಇರುತ್ತದೆ ಎಂದು ಅವನು ವಿವರಿಸಿದ. ವಿವರಿಸುವಾಗ ಅವನ ಕೈ ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿ ನೋಡುತ್ತಿತ್ತು. ಹೇಳದೆ ಕೇಳದೆ ಮನೆ ಬಿಟ್ಟು ಬಂದ ತಮ್ಮನಿಗೆ ಅಣ್ಣ ಬರೆದದ್ದು: ‘ಸಿಟ್ಟಿಲ್ಲ. ಎರಡು ಸಾಲು ಬರೆ.’ ಕಾಗದ ಬಂದು ನಾಲ್ಕು ತಿಂಗಳಾಗಿತ್ತು. ತಕ್ಕ ಮಾತು ಕೂಡಿಬರಲಿ ಎಂದು ಮುರಿಗೆಯ್ಯ ಕಾಯುತ್ತಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಬಣ್ಣಗಾರನಿದ್ದ. ಕೆಲಸದಲ್ಲಿ ಎತ್ತಿದ ಕೈ, ನಾಲಿಗೆ ಮಾತ್ರ ಬಲು ಹರಿತ. ತಂಗಿಯ ಮದುವೆಯಲ್ಲಿ ಯಾವುದೋ ಮಾತಿಗೆ ರೇಗಿ, ‘ನನ್ನ ಹೊಸ್ತಿಲು ತುಳಿಯಬೇಡ’ ಅಂದುಬಿಟ್ಟ. ಅವಳು ಆಚೆ ದಡದಲ್ಲಿ ಸಂಸಾರ ಹೂಡಿದಳು. ಏಳು ವರ್ಷ ಮಾತಿಲ್ಲ. ಆಮೇಲೆ ಒಂದು ದಿನ ಅಂಬಿಗನ ಕೈಯಲ್ಲಿ ಒಂದು ಬಿಳಿ ಸೀರೆ ಕಳಿಸಿದಳು: ‘ಅಣ್ಣ ಇದಕ್ಕೆ ನೀಲಿ ಹಾಕಿ ಕೊಟ್ಟರೆ, ಉಟ್ಟುಕೊಂಡು ಅವನ ಮನೆಗೆ ಬರುತ್ತೇನೆ.’

ಬಣ್ಣಗಾರ ಸೀರೆಯನ್ನು ಎದೆಗೊತ್ತಿಕೊಂಡು ಅತ್ತ. ಯಾರೂ ಕಂಡಿರದಂಥ ನೀಲಿ ಹಾಕಿಕೊಡಬೇಕೆಂದುಕೊಂಡ. ದೊಡ್ಡ ಮಣ್ಣಿನ ಬಾನಿಯಲ್ಲಿ ನೀಲಿಗೆ ಸುಣ್ಣ, ಬೆಲ್ಲ ಬೆರೆಸಿ ಹುಳಿಯಲು ಬಿಟ್ಟ. ಕೆಲವು ದಿನಗಳಲ್ಲಿ ತಾಮ್ರದ ಬಣ್ಣದ ನೊರೆ ಎದ್ದಿತು. ಚಿಂದಿಯೊಂದನ್ನು ಅದ್ದಿ ನೋಡಿದ. ಹಸಿರಾಗಿ ಮೇಲೆ ಬಂದ ಬಟ್ಟೆ ಗಾಳಿಯಲ್ಲಿ ನೋಡುನೋಡುತ್ತ ನೀಲಿಗೆ ತಿರುಗಿತು. ಬೇರೆಯವರ ಸೀರೆಗಾಗಿದ್ದರೆ ಅಷ್ಟು ಸಾಕಿತ್ತು.

ಬೆಳಿಗ್ಗೆ ಹೊಳೆಯ ಮೇಲೆ ದಟ್ಟ ಮಂಜು. ಆಚೆ ದಡದಲ್ಲಿ ನೀರಿಗೆ ಬಂದ ತಂಗಿ ಕಾಣಿಸುತ್ತಿರಲಿಲ್ಲ, ದನಿಯೊಂದೇ ತೇಲಿ ಬರುತ್ತಿತ್ತು.

“ಬಣ್ಣ ಹತ್ತೇತೇನಣ್ಣಾ?”

“ಇನ್ನೂ ಇಲ್ಲವ್ವಾ!”

ಏಳು ವರ್ಷ ಕೇಳದ ದನಿ. ಅದನ್ನು ಕೇಳಿದ ದಿನವೆಲ್ಲ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ. ನಾಳೆ ಇನ್ನಷ್ಟು ಗಾಢವಾದೀತು ಎಂದು ದಿನವೂ ಚಿಂದಿ ಅದ್ದಿದ, ಸೀರೆಯನ್ನು ಅದ್ದಲಿಲ್ಲ. ಅವಳು ದಿನವೂ ಕೇಳಿದಳು, ಅವನು ದಿನವೂ ಅದನ್ನೇ ಹೇಳಿದ.

ಬಾನಿಗೂ ಜೀವವಿದೆ, ಅದಕ್ಕೂ ಆಯುಸ್ಸಿದೆ. ಒಂದು ಮುಂಜಾನೆ ನೊರೆ ಇರಲಿಲ್ಲ. ಅದ್ದಿದ ಚಿಂದಿ, ಬಟ್ಟೆ ಒಗೆದ ನೀರಿನ ಬಣ್ಣವಾಗಿ ಮೇಲೆ ಬಂತು. ಅಂದು ಮಂಜೂ ಬೇಗ ಕರಗಿತ್ತು. ಅವನು ದಡಕ್ಕೆ ಓಡಿದ. ತಂಗಿ ಕೊಡ ತುಂಬಿಸುತ್ತಿದ್ದಳು. ಸಂತೆಯಲ್ಲಿ ಕೊಂಡ ನೀಲಿ ಸೀರೆ ಉಟ್ಟಿದ್ದಳು.

“ಇನ್ನೂ ಇಲ್ಲವ್ವಾ! ಇನ್ನೊಂದು ವಾರ!” ಎಂದು ಅವನು ಕೂಗಿದ.

ಅಂದು ಅವಳು ಬಣ್ಣ ಹತ್ತಿತೇ ಎಂದು ಕೇಳಿರಲೇ ಇಲ್ಲ. ಕೊಡವೆತ್ತಿ ಸೊಂಟಕ್ಕಿಟ್ಟುಕೊಂಡು ದಡ ಹತ್ತಿ ಹೋದಳು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಮುರಿಗೆಯ್ಯನಿಗೆ ಸಂಕಟವಾಯಿತು. “ಆದರೆ ಅವನು ಒಂದು ದಿನವೂ ಸುಳ್ಳು ಹೇಳಲಿಲ್ಲವಲ್ಲ, ಗುರುಗಳೇ!” ಎಂದ.

“ಇಲ್ಲ, ಒಂದು ದಿನವೂ ಹೇಳಲಿಲ್ಲ,” ಎಂದು ಗುರುಗಳು ಎದ್ದರು. ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. “ಅಣ್ಣನಿಗೆ ಉತ್ತರ ಬರೆದೆಯಾ, ಮುರಿಗೆಯ್ಯ?”

ಮುರಿಗೆಯ್ಯನ ನಾಲಿಗೆಯ ತುದಿಗೆ ಬಣ್ಣಗಾರನ ಮಾತೇ ಬಂದಿತ್ತು. ಅದನ್ನು ಆಡಲು ಅವನಿಗೆ ಬಾಯಿ ಬರಲಿಲ್ಲ.