ಕೆಂಚವ್ವ ಫಿರಂಗಿಯ ಪಕ್ಕದ ಧ್ವನಿವರ್ಧಕ

ಕೋಟೆಯ ಬುರುಜಿನ ಮೇಲೆ ಕೆಂಚವ್ವ ಎಂಬ ಹಳೇ ಫಿರಂಗಿ ಇದ್ದಳು. ಕೋಟೆಗೆ ಜೀವ ತುಂಬುತ್ತೇವೆಂದು ಬಂದ ಸಮಿತಿಯವರು ಅವಳ ಪಕ್ಕದ ಗೋಡೆಯನ್ನು ಕೊರೆದು ಒಂದು ಧ್ವನಿವರ್ಧಕ ಕೂರಿಸಿದರು. ಅಂದಿನಿಂದ ಪ್ರತಿ ಸಂಜೆ ಯುದ್ಧದ ಆಟ. ಕೆಂಚವ್ವನ ಬಾಯಿಂದ ಹೊಗೆ, ಧ್ವನಿವರ್ಧಕದಿಂದ ಢಮಾರ್ ಎಂಬ ಸದ್ದು, ಅದೂ ಅರ್ಧ ಗಂಟೆಯಲ್ಲಿ ನಲವತ್ತು ಸಲ.

"ತಮ್ಮಾ, ಸ್ವಲ್ಪ ತಡೆದು ತಡೆದು ಗುಡುಗು," ಎಂದಳು ಕೆಂಚವ್ವ. "ನನ್ನ ಕಾಲದ ಗೋಲಂದಾಜ ಒಂದು ಗುಂಡು ಹಾರಿಸಿದರೆ ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಅದರ ನಡುಕ ನಿಂತ ಮೇಲೆಯೇ ಇನ್ನೊಂದು ಗುಂಡು."

"ಅಷ್ಟು ಹೊತ್ತು ಕಾದರೆ ಜನ ಎದ್ದು ಹೋಗುತ್ತಾರೆ," ಎಂದಿತು ಧ್ವನಿವರ್ಧಕ. "ಇತಿಹಾಸ ಉಳಿಸುವುದು ಹೇಗೆಂದು ನನಗೆ ಹೇಳಿಕೊಡಬೇಡ."

"ಗೋಡೆ ಬಿರುಕು ಬಿಟ್ಟಿದೆ."

"ಬಿರುಕಿದ್ದರೆ ತಾನೆ ಹಳೆಯದು ಎನ್ನಿಸುವುದು. ಜನ ಅದರ ಫೋಟೊ ತೆಗೆಯುತ್ತಾರೆ."

ಹಿಂದೊಮ್ಮೆ ಆರು ತಿಂಗಳ ಮುತ್ತಿಗೆಯಲ್ಲೂ ಒಂದು ಕಲ್ಲೂ ಅಲುಗದಿದ್ದ ಬುರುಜು ಆ ವಾರವೇ, ಮೂವತ್ತೊಂದನೇ ಢಮಾರಿಗೆ ಕುಸಿಯಿತು. ಪುಣ್ಯಕ್ಕೆ ಜನ ದೂರ ಕೂತಿದ್ದರು. ಕೆಂಚವ್ವ ಕಲ್ಲುಗಳ ಜೊತೆ ಉರುಳಿ, ಬಾಯಿ ಮಣ್ಣಲ್ಲಿ ಹೂತು ಬಿದ್ದಳು.

ಮರುದಿನ ಸಮಿತಿಯವರು ಧ್ವನಿವರ್ಧಕದ ಧೂಳು ಒರೆಸಿ, ಪಕ್ಕದ ಬುರುಜನ್ನು ಕೊರೆದು ಅದನ್ನು ಅಲ್ಲಿ ಕೂರಿಸಿದರು. ಸಂಜೆ ಅದು ಗಂಟಲು ಸರಿಮಾಡಿಕೊಂಡು ಸಾರಿತು: "ಮಹಾಜನರೇ, ಎದುರಿಗೆ ನೋಡಿ. ಕೋಟೆಯ ಶತ್ರುಗಳು ಕೆಡವಿದ ಬುರುಜು ಅದೇ."

ಜನ ಚಪ್ಪಾಳೆ ತಟ್ಟಿದರು. ಇಷ್ಟು ದಿನದಲ್ಲಿ ಧ್ವನಿವರ್ಧಕ ಆಡಿದ ಮೊದಲ ನಿಜ ಅದು ಎಂದು ಕೆಂಚವ್ವನಿಗೆ ಅನ್ನಿಸಿತು.