ನೀಲಪ್ಪನ ಕಾಲಿನ ಕುಳಿಯಲ್ಲಿ ಒಂದು ಬೇಳೆಕಾಳು

ಪರಮಪೂಜ್ಯ ಗುರುಶಾಂತಯ್ಯಜ್ಜನವರು ಮಠದ ಅಧಿಪತಿಗಳಾಗಿದ್ದರೂ ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ದರ್ಶನ ಬೇಕೆಂದರೆ ದಾಸೋಹದ ಅಡುಗೆಮನೆಗೇ ಹೋಗಬೇಕು. ಅಲ್ಲಿ ನಮ್ಮಂಥ ಹೆಂಗಸರ ನಡುವೆ ಮೊರ ಹಿಡಿದು ತೊಗರಿಬೇಳೆಯ ಹರಳು ಆರಿಸುತ್ತಾ ಕೂತಿರುತ್ತಿದ್ದರು. ನಮ್ಮ ಬಾಯಿಗಳು ಊರನ್ನೆಲ್ಲ ಜಾಲಿಸುತ್ತಿದ್ದವು, ಅಜ್ಜನವರ ಬೆರಳು ಬೇಳೆಯನ್ನು ಮಾತ್ರ.

ಆಗ ಬಾಯಿಗೆ ಸಿಕ್ಕವನು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ನೀಲಪ್ಪ. ರಾತ್ರಿಯೆಲ್ಲ ಕಿಟಕಿಯಲ್ಲಿ ಕೂತಿರುತ್ತಾನೆ. ಎದುರಿಗೆ ಗಂಡ ಬಿಟ್ಟ ಟೇಲರ್ ಸುವರ್ಣಾಳ ಮನೆ. ಇನ್ನೇನು ಬೇಕು? ಮೈಯೂ ತುಂಬಿಕೊಂಡಿದೆ, ಚಪ್ಪಲಿ ಕಾಲಿಗೆ ಹಿಡಿಸುವುದಿಲ್ಲ. "ಎರಡು ಮನಿ ಊಟ ಅಂದ್ರ ಹಂಗ" ಎಂದು ನಮ್ಮ ಜೊತೆ ಬೇಳೆ ಆರಿಸುತ್ತಿದ್ದ ನಿಂಬವ್ವ ಸಾರಿದಳು, ನಾವೆಲ್ಲ ಒಪ್ಪಿದೆವು. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಕೂತಿರುತ್ತಾನೆ ಎಂದು ಅವನ ಹೆಂಡತಿ ಶಂಕ್ರವ್ವ ಅತ್ತರೂ ಯಾರೂ ನಂಬಲಿಲ್ಲ. ಸತ್ಯಕ್ಕೆ ಅಷ್ಟು ರುಚಿ ಇರಲಿಲ್ಲ.

ಕಡೆಗೆ ಶಂಕ್ರವ್ವನ ತಮ್ಮ ಅವನನ್ನು ಪಟ್ಟಣದ ದವಾಖಾನೆಗೆ ಕರೆದೊಯ್ದ. ಡಾಕ್ಟರು "ಹಾರ್ಟ್ ಫೇಲ್ಯೂರ್" ಎಂದರು. ಆ ಪುಣ್ಯಾತ್ಮ ಊರಿಗೆ ಫೋನು ಮಾಡಿ, "ಮಾಮಾಂದು ಹಾರ್ಟ್ ಫೇಲ್ ಆಗೇದಂತ" ಎಂದ. ನಮ್ಮಲ್ಲಿ ಹಾಗಂದರೆ ಸತ್ತ ಎಂದೇ ಅರ್ಥ. ಸಂಜೆ ಬಸ್ಸಿಳಿದು ಬಂದ ನೀಲಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಹೂವಿನ ಹಾರ ಕಂಡ, ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದ ನಿಂಬವ್ವನನ್ನು ಕಂಡ.

"ಯಾರು ಹೋದ್ರವಾ?"

"ನೀನ" ಎಂದಳು ನಿಂಬವ್ವ, ಅಳು ನಿಲ್ಲಿಸದೆ.

ನಗುವ ಮಾತೇ. ಆದರೆ ಅವನಿಗೆ ಅದು ಮನಸ್ಸಿಗೆ ಹತ್ತಿತು. ಫೇಲಾದ ಮೇಲೆ ಗುಳಿಗೆ ಯಾಕೆಂದು ಡಾಕ್ಟರ ಚೀಟಿಯನ್ನು ಗೋಡೆಯ ಗೂಡಿಗೆ ತುರುಕಿದ. ಡಾಕ್ಟರು ಬಿಡು ಎಂದಿದ್ದ ಉಪ್ಪಿನಕಾಯಿಯನ್ನೇ ಹೆಚ್ಚು ಬಡಿಸಿಕೊಂಡ. ಹದಿನೈದು ದಿನದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕೂರುವಂತಾದ. ಇವನು ನಿಜವಾಗಿಯೇ ಹೋಗುತ್ತಾನೆಂದು ಹೆದರಿ ಶಂಕ್ರವ್ವ ಆಟೋದಲ್ಲಿ ಮಠಕ್ಕೆ ಎಳೆತಂದಳು.

"ಅಜ್ಜಾರ, ಫೇಲಾದ ಹೆಣ ಬಂದೈತ್ರಿ. ಪವಾಡ ಇದ್ರ ಮಾಡ್ರಿ, ಇಲ್ಲಾಂದ್ರ ಹೊಳ್ಳಿ ಹೋಗ್ತೀನಿ" ಎಂದ ನೀಲಪ್ಪ, ಏದುಸಿರಿನಲ್ಲೂ ಕೊಂಕು ಬಿಡದೆ.

ಅಜ್ಜನವರು ಮೊರ ಕೆಳಗಿಟ್ಟು, ಅವನ ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಮುಚ್ಚಲಿಲ್ಲ. ಅದರಲ್ಲಿ ಒಂದು ಬೇಳೆಕಾಳು ಇಟ್ಟರು. ಬಟ್ಟಲಲ್ಲಿಟ್ಟಂತೆ ಕೂತಿತು.

"ನಿಂತದ್ದು ನೀರು, ತಮ್ಮಾ. ಎದಿ ನಿಂತಿಲ್ಲ" ಎಂದು ಅಪ್ಪಣೆ ಕೊಡಿಸಿದರು. "ಬಾವಿ ನೀರು ಎಳೆಯೋ ಮುದಿ ಎತ್ತಿನಂಗ ದಣದದ, ಅಷ್ಟ. ಅದು ಪೂರಾ ಎಳೀಲಾರದ್ದಕ್ಕ ನೀರು ಹಿಂದ ಉಳದು ಕಾಲಿಗಿಳೀತದ. ಅಡ್ಡಾದ್ರ ಉಸಿರಿನ ಚೀಲಕ್ಕ ಏರ್ತದ. ಉಪ್ಪು ತಿಂದಷ್ಟೂ ಆ ನೀರು ಹೆಚ್ಚು. ದಣದ ಎತ್ತಿಗೆ ಮ್ಯಾಲ ಹೇರು ಹಾಕ್ತಾರೇನು?"

ನೀಲಪ್ಪ ಕಾಳನ್ನೇ ನೋಡುತ್ತಾ, "ಉಪ್ಪಿಲ್ದ ಹೆಂಗ ಉಣ್ಣಲಿರಿ? ನನ್ನ ಕಸುಬ ಅದು" ಎಂದ.

ಊಟದ ಹೊತ್ತಿಗೆ ಅಜ್ಜನವರು ಎದ್ದರು. ಪಂಕ್ತಿಯಲ್ಲಿ ಅವನನ್ನು ಪಕ್ಕಕ್ಕೇ ಕೂಡಿಸಿಕೊಂಡರು. ಎಲೆಗೆ ಮೊದಲು ಬಡಿಸುವುದು ಉಪ್ಪು. ಬಡಿಸುವವನು ಬಗ್ಗುತ್ತಲೇ ಅಜ್ಜನವರು ತಮ್ಮ ಎಲೆಗೆ ಅಂಗೈ ಅಡ್ಡ ಹಿಡಿದರು. ಉಪ್ಪು ಹಾಕದ ಬೇಳೆಕಟ್ಟು ತರಿಸಿ, ಸುರಿದು ಸುರಿದು ಉಂಡರು.

"ಇನ್ನ ಮ್ಯಾಲ ನಮಗೂ ಸಪ್ಪನ ಊಟ. ಜೋಡಿ ಬೇಕು, ದಿನಾ ಬಾ. ಮೊದಲು ಡಾಕ್ಟರ ಹತ್ರ ಹೋಗು."

ನೀಲಪ್ಪನ ಅಂಗೈಯೂ ಎಲೆಗೆ ಅಡ್ಡ ಹೋಯಿತು. ಅವನು ಅತ್ತದ್ದನ್ನು ಆ ದಿನ ಮೊದಲ ಸಲ ಕಂಡೆವು.

ಮರುದಿನವೇ ದವಾಖಾನೆಗೆ ಹೋದ. ನೀರು ಇಳಿಸುವ ಗುಳಿಗೆ ನುಂಗಿ ತಾಸಿಗೊಮ್ಮೆ ಬಚ್ಚಲಿಗೆ ಓಡಿದ. ತಿಂಗಳಲ್ಲಿ ಚಪ್ಪಲಿ ಕಾಲಿಗೆ ಬಂತು, ಒಂದೇ ದಿಂಬಿಗೆ ತಲೆ ಇಟ್ಟು ಮಲಗಿದ. ಕಿಟಕಿ ಖಾಲಿಯಾದದ್ದು ಕಂಡು ಸುವರ್ಣಾ, "ನಿಂಬವ್ವಾ, ನನ್ನ ಗೆಣೆಕಾರ ಮಲಕೊಂಡಾನ ನೋಡವಾ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಇಂದಿಗೂ ರೋಗ ಪೂರಾ ಹೋಗಿಲ್ಲ, ಅವನು ಗುಳಿಗೆಯನ್ನೂ ಬಿಟ್ಟಿಲ್ಲ. ಹೇಗಿದ್ದೀ ಎಂದರೆ, "ಫೇಲಾಗಿ ಒಂಬತ್ತು ವರ್ಷ ಆತು, ಆರಾಮ ಅದೀನಿ" ಎನ್ನುತ್ತಾನೆ.

ಅಜ್ಜನವರ ಹೆಬ್ಬೆರಳು ನಮಗೂ ಬುದ್ಧಿ ಕಲಿಸಿತು. ಈಗ ನಮ್ಮ ಓಣಿಯಲ್ಲಿ ಯಾರಾದರೂ ರಾತ್ರಿ ಕಿಟಕಿಯಲ್ಲಿ ಕೂತರೆ, ನಿಂಬವ್ವನೇ ಮುಂದಾಗಿ ಹೋಗಿ ಮೊದಲು ಅವರ ಕಾಲು ಒತ್ತಿ ನೋಡುತ್ತಾಳೆ. ಮಾತಾಡುವುದು ಆಮೇಲೆ.